ಒಂಬತ್ತೋ, ಹನ್ನೊಂದೋ? ಮಲ್ಲಿಕಾರ್ಜುನ ಖರ್ಗೆಯವರ ಚುನಾವಣಾ ದಾಖಲೆಯ ಲೆಕ್ಕ

ಮತಗಣಕ

ಮಾನ್ಯರೇ, ಕರ್ನಾಟಕದ ದೀರ್ಘಕಾಲದ ಶಾಸಕರ ಗೆಲುವು ಸೋಲುಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸುಲಭದ ಹೆಸರು ಎಂದುಕೊಂಡು ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಕಾರ್ಜುನ ಖರ್ಗೆಯವರದು. ಅಲ್ಲಿಯೇ ತೊಡಕು ಶುರುವಾಯಿತು. ‘ಸೋಲಿಲ್ಲದ ಸರದಾರ’ ಎಂಬ ಬಿರುದನ್ನು ನಾವೆಲ್ಲರೂ ಕೇಳಿದ್ದೇವೆ, ಆದರೆ ಆ ಸರದಾರ ಎಷ್ಟು ಬಾರಿ ಗೆದ್ದರು ಎಂದು ಕೇಳಿದರೆ ಒಬ್ಬರು ಒಂಬತ್ತು ಎನ್ನುತ್ತಾರೆ, ಇನ್ನೊಬ್ಬರು ಹನ್ನೊಂದು ಎನ್ನುತ್ತಾರೆ, ಹನ್ನೆರಡು ಎಂದು ಬರೆದವರೂ ಇದ್ದಾರೆ.

ನನ್ನ ಲೆಕ್ಕ ಹೀಗಿದೆ. ವಿಧಾನಸಭೆಗೆ ಗುರುಮಠಕಲ್ ಕ್ಷೇತ್ರದಿಂದ 1972, 1978, 1983, 1985, 1989, 1994, 1999 ಮತ್ತು 2004ರಲ್ಲಿ ಎಂಟು ಗೆಲುವುಗಳು. 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೆಯದು. ಆಮೇಲೆ ಗುಲ್ಬರ್ಗಾ ಲೋಕಸಭಾ ಕ್ಷೇತ್ರದಿಂದ 2009 ಮತ್ತು 2014ರಲ್ಲಿ ಎರಡು. ಅಲ್ಲಿಗೆ ಜನರ ನೇರ ಮತದಿಂದ ಬಂದ ಗೆಲುವುಗಳು ಹನ್ನೊಂದು, ಅದೂ ನಡುವೆ ಒಂದೂ ಸೋಲಿಲ್ಲದೆ. 2019ರಲ್ಲಿ ಅದೇ ಗುಲ್ಬರ್ಗಾದಲ್ಲಿ ಉಮೇಶ ಜಾಧವ ಅವರ ಎದುರು ಮೊದಲ ಸೋಲು. ಹನ್ನೆರಡು ಎನ್ನುವವರು 2020ರ ರಾಜ್ಯಸಭಾ ಆಯ್ಕೆಯನ್ನು ಸೇರಿಸಿ ಹೇಳುತ್ತಿರಬೇಕು. ಅದು ಅವಿರೋಧ ಆಯ್ಕೆ, ಮತದಾನವೇ ನಡೆದಿರಲಿಲ್ಲ.

ನನ್ನ ಪ್ರಶ್ನೆ ಸಂಖ್ಯೆಯ ಕುರಿತಷ್ಟೇ ಅಲ್ಲ. ಒಂಬತ್ತು ಗೆಲುವುಗಳನ್ನು ಒಂದೇ ತೂಕದವೆಂದು ಸಾಲಾಗಿ ಬರೆದುಬಿಟ್ಟರೆ ಆ ಪಟ್ಟಿಯಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ ಎಂಬ ಅನುಮಾನ ನನಗಿದೆ. ಅಲೆಯಲ್ಲಿ ತೇಲಿ ಬಂದ ಗೆಲುವು ಯಾವುದು, ಅಲೆಗೆ ಎದುರಾಗಿ ನಿಂತ ಗೆಲುವು ಯಾವುದು ಎಂದು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಪುಟ

ನಿಮ್ಮ ಅನುಮಾನ ಸರಿಯಾಗಿದೆ. ಆ ಒಂಬತ್ತು ವರ್ಷಗಳ ಪಕ್ಕದಲ್ಲಿ ಆಯಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಾದ್ಯಂತ ಗೆದ್ದ ಸ್ಥಾನಗಳನ್ನು ಬರೆದುಕೊಳ್ಳಿ, ಚಿತ್ರ ತಾನಾಗಿಯೇ ಮೂಡುತ್ತದೆ.

1972ರಲ್ಲಿ 216 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ 165 ಗೆದ್ದಿತು. 1978ರಲ್ಲಿ ಸ್ಥಾನಗಳ ಸಂಖ್ಯೆ 224ಕ್ಕೆ ಏರಿತ್ತು, ಇಂದಿರಾ ಕಾಂಗ್ರೆಸ್ 149 ಪಡೆಯಿತು. ಇವೆರಡೂ ದೇವರಾಜ ಅರಸರ ಕಾಲದ ಗೆಲುವುಗಳು. ಮೂವತ್ತು ತುಂಬುವ ಮೊದಲೇ ಕಣಕ್ಕಿಳಿದ, ಕಲಬುರಗಿಯ ಎಂಎಸ್‌ಕೆ ಮಿಲ್ ಕಾರ್ಮಿಕ ಸಂಘದ ಕಾನೂನು ಸಲಹೆಗಾರನಾಗಿದ್ದ ವಕೀಲನೊಬ್ಬ ಆ ಗಾಳಿಯಲ್ಲಿ ಗೆದ್ದದ್ದು ಆಶ್ಚರ್ಯವೇನಲ್ಲ. 1989ರಲ್ಲಿ 178 ಸ್ಥಾನಗಳು ಬಂದಾಗ ಮತ್ತು 1999ರಲ್ಲಿ 132 ಬಂದಾಗ ಗೆದ್ದದ್ದನ್ನೂ ಹಾಗೆಯೇ ಓದಬಹುದು.

ಈಗ ಉಳಿದವನ್ನು ನೋಡಿ. 1983ರಲ್ಲಿ ಕಾಂಗ್ರೆಸ್ 82ಕ್ಕೆ ಇಳಿದು, ಮೊದಲ ಬಾರಿಗೆ ರಾಜ್ಯದ ಅಧಿಕಾರ ಕಳೆದುಕೊಂಡಿತು. ಎರಡೇ ವರ್ಷಗಳ ನಂತರ, ಲೋಕಸಭಾ ಚುನಾವಣೆಯಲ್ಲಿ ಹಿನ್ನಡೆಯಾಯಿತೆಂದು ರಾಮಕೃಷ್ಣ ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದಾಗ ಜನತಾ ಪಕ್ಷಕ್ಕೆ 139 ಬಂದವು, ಕಾಂಗ್ರೆಸ್ಸಿಗೆ 65. 1994ರಲ್ಲಿ ಜನತಾ ದಳಕ್ಕೆ 115, ಬಿಜೆಪಿಗೆ 40, ಕಾಂಗ್ರೆಸ್ಸಿಗೆ ಬರೀ 34. ಐದು ವರ್ಷಗಳ ಹಿಂದೆ 178 ಇದ್ದ ಪಕ್ಷ 34ಕ್ಕೆ ಕುಸಿದಾಗ ಹಾಲಿ ಶಾಸಕರು, ಮಾಜಿ ಸಚಿವರು ಎನ್ನದೆ ಎಲ್ಲರೂ ತರಗೆಲೆಗಳಂತೆ ಉದುರಿದರು. ಆ 34ರಲ್ಲಿ ಗುರುಮಠಕಲ್ ಒಂದು.

ಒಂದು ಮಾತು ಪಕ್ಕದಲ್ಲಿ ಹೇಳಿಬಿಡುತ್ತೇನೆ. ಖರ್ಗೆಯವರು ‘ಒಂದೇ ಪಕ್ಷ, ಒಂದೇ ಚಿಹ್ನೆ’ ಎಂದು ಕೆಲವರು ಬರೆಯುತ್ತಾರೆ. ಚಿಹ್ನೆಯ ಮಾತು ತಪ್ಪು. 1972ರಲ್ಲಿ ಆ ಪಕ್ಷದ ಗುರುತು ಹಸು ಮತ್ತು ಕರು; ಹಸ್ತದ ಗುರುತು ಬಂದದ್ದು ಪಕ್ಷ ಒಡೆದ ಮೇಲೆ, 1978ರ ಚುನಾವಣೆಗೆ. ಹಾಗಾಗಿ ಅವರ ಮೊದಲ ಗೆಲುವು ಹಸು ಕರುವಿನದು, ಉಳಿದವು ಹಸ್ತದವು.

ಎದುರು ದಡ

ಹಳೆಯ ಪುಟದವರ ಅಂಕಿಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಂದ ತೆಗೆದ ನಿರ್ಣಯವನ್ನು ಅಷ್ಟು ಬೇಗ ಒಪ್ಪಲಾರೆ. ನನ್ನ ಆಕ್ಷೇಪಗಳು ಎರಡು.

ರಾಜ್ಯದ ಒಟ್ಟು ಸ್ಥಾನಗಳನ್ನು ಗುರುಮಠಕಲ್‌ಗೆ ಅಳತೆಗೋಲಾಗಿ ಹಿಡಿಯುವುದು ಮೊದಲ ತಪ್ಪು. ಜನತಾ ಅಲೆ ಎಲ್ಲ ಕಡೆ ಒಂದೇ ಎತ್ತರಕ್ಕೆ ಏಳಲಿಲ್ಲ. ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಕಾಂಗ್ರೆಸ್ಸಿನ ಬೇರು ಆಳವಾಗಿತ್ತು. ಪಕ್ಕದ ಜೇವರ್ಗಿಯಲ್ಲಿ ಧರ್ಮಸಿಂಗ್ ಅವರೂ ಇದೇ ಅವಧಿಯಲ್ಲಿ ಒಂದರ ಮೇಲೊಂದು ಗೆಲ್ಲುತ್ತಾ ಬಂದರು. 1985 ಆಗಲಿ 1994 ಆಗಲಿ ಅವರನ್ನೂ ಅಲುಗಿಸಲಿಲ್ಲ. ಒಂದೇ ಜಿಲ್ಲೆಯಲ್ಲಿ ಇಬ್ಬರು ಸೋಲದಿದ್ದಾಗ ಅದು ವ್ಯಕ್ತಿಯ ಶಕ್ತಿಯೋ ನೆಲದ ಗುಣವೋ ಎಂದು ಕೇಳಲೇಬೇಕಾಗುತ್ತದೆ.

ಎರಡನೆಯದು ಮೀಸಲಾತಿಯ ಪ್ರಶ್ನೆ. 2008ರ ಕ್ಷೇತ್ರ ಪುನರ್‌ವಿಂಗಡಣೆಯ ತನಕ ಗುರುಮಠಕಲ್ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಗಳ ವಲಯ ಕಿರಿದಾಗಿರುತ್ತದೆ. ಊರಿನ ದೊಡ್ಡ ಭೂಮಾಲೀಕರೋ ಸಹಕಾರಿ ಸಂಘಗಳ ಧುರೀಣರೋ ತಾವೇ ಎದುರಾಳಿಯಾಗಿ ನಿಲ್ಲುವಂತಿಲ್ಲ. ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದ ಕೂಡಲೇ ಖರ್ಗೆಯವರು ಮೀಸಲು ಕ್ಷೇತ್ರವಾಗಿದ್ದ ಚಿತ್ತಾಪುರಕ್ಕೆ ಹೋದರಲ್ಲವೇ? ಪರಿಶಿಷ್ಟ ಜಾತಿಯವರು ಸಾಮಾನ್ಯ ಕ್ಷೇತ್ರದಿಂದಲೂ ಸ್ಪರ್ಧಿಸಬಹುದು, ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಎಂಟು ಬಾರಿ ಕೈಹಿಡಿದ ಕ್ಷೇತ್ರ ಒಂಬತ್ತನೆಯ ಬಾರಿಯೂ ಹಿಡಿಯುತ್ತಿತ್ತೋ ಇಲ್ಲವೋ ಎಂಬ ಪರೀಕ್ಷೆ ನಡೆಯದೆ ಉಳಿಯಿತು.

ಭೀಮಾ ತೀರ

ಎದುರು ದಡದವರ ಎರಡನೆಯ ಆಕ್ಷೇಪಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ವಾದ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ ಮತ್ತು ಅರ್ಧ ಮಾತ್ರ ನಿಜ.

ಮೀಸಲಾಗಿರುವುದು ಅಭ್ಯರ್ಥಿಯ ಸ್ಥಾನ. ಮತ ಹಾಕುವವರು ಎಲ್ಲರೂ. ಇಂಥ ಕ್ಷೇತ್ರದಲ್ಲಿ ಸ್ಪರ್ಧಿಗಳೆಲ್ಲರೂ ಪರಿಶಿಷ್ಟ ಜಾತಿಯವರೇ ಆಗಿರುವುದರಿಂದ ಯಾರಿಗೂ ಅದರ ವಿಶೇಷ ಲಾಭವಿಲ್ಲ, ಗೆಲ್ಲಬೇಕಾದರೆ ಲಿಂಗಾಯತ, ಕೋಲಿ ಕಬ್ಬಲಿಗ, ಮುಸ್ಲಿಂ, ಲಂಬಾಣಿ, ಕುರುಬ ಮತಗಳನ್ನು ಕೂಡಿಸಿಕೊಳ್ಳಲೇಬೇಕು. ಭೂಮಾಲೀಕರು ತಾವು ನಿಲ್ಲುವಂತಿಲ್ಲ ಎಂಬುದು ದಿಟ, ಆದರೆ ತಮ್ಮ ಮಾತು ಕೇಳುವ ಇನ್ನೊಬ್ಬ ಅಭ್ಯರ್ಥಿಯನ್ನು ನಿಲ್ಲಿಸುವುದಕ್ಕೆ ಅವರಿಗೆ ಯಾವ ತಡೆಯೂ ಇರಲಿಲ್ಲ. ಅದಲ್ಲದೆ ಖರ್ಗೆಯವರು ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆ ನೋಡಿಕೊಂಡವರು. ಭೂಸುಧಾರಣೆಯ ಅರ್ಜಿಗಳು ಭೂನ್ಯಾಯಮಂಡಳಿಗಳ ಮುಂದಿದ್ದ ಕಾಲ ಅದು. ಗೇಣಿದಾರರಿಗೆ ಭೂಮಿ ಕೊಡಿಸುವ ಖಾತೆಯನ್ನು ಹೊತ್ತವರಿಗೆ ಭೂಮಿ ಕಳೆದುಕೊಂಡವರ ಊರುಗಳಲ್ಲಿ 1983ರ ಪ್ರಚಾರ ಹೂವಿನ ಹಾದಿಯಾಗಿರಲು ಸಾಧ್ಯವಿಲ್ಲ.

ಇನ್ನು ನೆಲದ ಗುಣದ ಮಾತು. ಧರ್ಮಸಿಂಗ್ ಅವರ ಉದಾಹರಣೆಯನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. 2008ರಲ್ಲಿ, ಮುಖ್ಯಮಂತ್ರಿಯಾಗಿ ಇಳಿದು ಎರಡು ವರ್ಷವಷ್ಟೇ ಕಳೆದಿದ್ದಾಗ, ಅದೇ ಜೇವರ್ಗಿಯಲ್ಲಿ ಅವರು ನೂರಕ್ಕೂ ಕಡಿಮೆ ಮತಗಳ ಅಂತರದಿಂದ ಸೋತರು. ಅದೇ ದಿನದ ಎಣಿಕೆಯಲ್ಲಿ ಖರ್ಗೆಯವರು ಹಿಂದೆಂದೂ ಸ್ಪರ್ಧಿಸದ ಚಿತ್ತಾಪುರದಲ್ಲಿ ಬಿಜೆಪಿಯ ವಾಲ್ಮೀಕಿ ನಾಯಕ ಅವರನ್ನು ಸೋಲಿಸಿದರು. ನೆಲ ಒಂದೇ, ಪಕ್ಷ ಒಂದೇ, ಫಲಿತಾಂಶ ಬೇರೆ.

ಚಿತ್ತಾಪುರದ ಮುಂದಿನ ಕಥೆಯೂ ಇಲ್ಲಿಗೆ ಸಂಬಂಧಿಸಿದ್ದೇ. ಖರ್ಗೆಯವರು 2009ರಲ್ಲಿ ಲೋಕಸಭೆಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಅವರ ಮಗ ಪ್ರಿಯಾಂಕ್ ಖರ್ಗೆ ಅದೇ ವಾಲ್ಮೀಕಿ ನಾಯಕರ ಎದುರು ಸೋತರು. ಮನೆತನದ ಹೆಸರು, ಪಕ್ಷ, ಕ್ಷೇತ್ರ, ಎದುರಾಳಿ ಎಲ್ಲವೂ ಹಿಂದಿನ ವರ್ಷದವೇ. ಬದಲಾದದ್ದು ಅಭ್ಯರ್ಥಿ ಮಾತ್ರ. ಉಪಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ಅನುಕೂಲ ಹೆಚ್ಚು ಎಂಬುದನ್ನು ಕಳೆದು ನೋಡಿದರೂ, 2008ರ ಗೆಲುವಿನಲ್ಲಿ ವ್ಯಕ್ತಿಯ ಪಾಲು ಎಷ್ಟಿತ್ತೆಂದು ತಿಳಿಯಲು ಇದಕ್ಕಿಂತ ಹತ್ತಿರದ ಸಾಕ್ಷ್ಯ ಸಿಗಲಾರದು. ಪ್ರಿಯಾಂಕ್ ಅವರು ಆಮೇಲೆ 2013, 2018 ಮತ್ತು 2023ರಲ್ಲಿ ಅಲ್ಲಿಂದಲೇ ಗೆದ್ದರು, ಅದು ಅವರ ಸ್ವಂತ ಲೆಕ್ಕ.

ಎದುರು ದಡ

ಚಿತ್ತಾಪುರದ ಉಪಚುನಾವಣೆ ನನಗೆ ಹೊಳೆದಿರಲಿಲ್ಲ. ಆ ಮಟ್ಟಿಗೆ ಸೋತೆ. ಆದರೆ ಗುರುಮಠಕಲ್‌ನ ಪ್ರಶ್ನೆ ಹಾಗೆಯೇ ಇದೆ. ಖರ್ಗೆಯವರು ಬಿಟ್ಟ ಮೇಲೂ 2008 ಮತ್ತು 2013ರಲ್ಲಿ ಅಲ್ಲಿ ಬಾಬುರಾವ್ ಚಿಂಚನಸೂರ ಅವರು ಕಾಂಗ್ರೆಸ್ಸಿನಿಂದಲೇ ಗೆದ್ದರು. ಆ ಕ್ಷೇತ್ರ ಕಾಂಗ್ರೆಸ್ಸಿನ ಕೈತಪ್ಪಿದ್ದು 2018ರಲ್ಲಿ, ಜೆಡಿಎಸ್‌ನ ನಾಗನಗೌಡ ಕಂದಕೂರ ಅವರಿಗೆ. ಅಂದರೆ ಖರ್ಗೆಯವರಿಲ್ಲದೆಯೂ ಹತ್ತು ವರ್ಷ ಆ ನೆಲ ಕಾಂಗ್ರೆಸ್ಸಿನದಾಗಿಯೇ ಇತ್ತು. ಮೂವತ್ತಾರು ವರ್ಷ ಒಬ್ಬರೇ ಉತ್ತ ಹೊಲದಲ್ಲಿ ಮುಂದಿನವರು ಎರಡು ಬೆಳೆ ತೆಗೆದರು ಎಂದು ನೀವು ಹೇಳಬಹುದು. ಹೊಲವೇ ಫಲವತ್ತಾಗಿತ್ತು ಎಂದು ನಾನು ಹೇಳುತ್ತೇನೆ. ಇದನ್ನು ಅಂಕಿಗಳಿಂದ ತೀರ್ಮಾನಿಸಲಾಗದು, ಇಲ್ಲಿಗೆ ಬಿಡೋಣ.

ಗಣಿತದ ಮೇಷ್ಟ್ರು

ಲೋಕಸಭೆಯ ಮೂರು ಚುನಾವಣೆಗಳ ಕುರಿತು ಯಾರೂ ಬರೆದಿಲ್ಲವಾದ್ದರಿಂದ ನನ್ನ ಪಾಲಿನ ಕೆಲಸ ಅಲ್ಲಿದೆ ಎಂದುಕೊಂಡಿದ್ದೇನೆ. ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ. ಇದರೊಳಗೆ ಒಂದು ವಿಚಿತ್ರವಿದೆ.

2009ರಲ್ಲಿ ಗುಲ್ಬರ್ಗಾ ಕ್ಷೇತ್ರ ಮೊದಲ ಬಾರಿಗೆ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಯಾವ ಪುನರ್‌ವಿಂಗಡಣೆ ಅವರನ್ನು ಗುರುಮಠಕಲ್‌ನಿಂದ ಎಬ್ಬಿಸಿತೋ ಅದೇ ಮರುವರ್ಷ ದೆಹಲಿಯ ಬಾಗಿಲನ್ನೂ ತೆರೆಯಿತು. ಆಗ ಖರ್ಗೆಯವರಿಗೆ 3,45,241 ಮತಗಳು, ಬಿಜೆಪಿಯ ರೇವುನಾಯಕ ಬೆಳಮಗಿ ಅವರಿಗೆ 3,31,837, ಅಂತರ 13,404. ಎಂಟು ವಿಧಾನಸಭಾ ಕ್ಷೇತ್ರಗಳ ಒಟ್ಟು ಲೆಕ್ಕದಲ್ಲಿ ಇದು ಕೂದಲೆಳೆಯ ಗೆಲುವು. ಆ ವರ್ಷ ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿ 19 ಗೆದ್ದಿತ್ತು, ಕಾಂಗ್ರೆಸ್ಸಿಗೆ ಸಿಕ್ಕದ್ದು 6 ಎಂಬುದನ್ನು ನೆನಪಿಟ್ಟುಕೊಳ್ಳಿ.

2014ರಲ್ಲಿ ಎದುರಾಳಿ ಅದೇ ಬೆಳಮಗಿಯವರು. ಖರ್ಗೆಯವರಿಗೆ 5,07,193, ಬೆಳಮಗಿಯವರಿಗೆ 4,32,460, ಅಂತರ 74,733. ದೇಶದಲ್ಲಿ ಕಾಂಗ್ರೆಸ್ 44 ಸ್ಥಾನಗಳಿಗೆ ಕುಸಿದ ವರ್ಷದಲ್ಲಿ ಅವರ ಅಂತರ ಐದು ಪಟ್ಟಿಗಿಂತ ಹೆಚ್ಚಾಯಿತು. ನಡುವೆ ಅವರು ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿ, ಆಮೇಲೆ ರೈಲ್ವೆ ಸಚಿವರಾಗಿದ್ದರು. ಕಲಬುರಗಿಗೆ ಇಎಸ್‌ಐ ವೈದ್ಯಕೀಯ ಕಾಲೇಜು ಬಂದಿತ್ತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಯಾಗಿ ಆರು ಜಿಲ್ಲೆಗಳ ಯುವಕರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಪಾಲು ದೊರೆತಿತ್ತು. ನನ್ನ ಮಟ್ಟಿಗೆ 1994ರ ಗೆಲುವಿನ ಪಕ್ಕದಲ್ಲಿ ಇಡಬೇಕಾದ್ದು ಇದನ್ನೇ.

ಈಗ 2019. ಉಮೇಶ ಜಾಧವ ಅವರಿಗೆ 6,20,192, ಖರ್ಗೆಯವರಿಗೆ 5,24,740. ಸೋಲಿನ ಅಂತರ 95,452. ಎಲ್ಲರೂ ಇದನ್ನು ‘ಜನ ಕೈಬಿಟ್ಟರು’ ಎಂದು ಬರೆದರು. ಆದರೆ 2014ರ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಗೆದ್ದಾಗ ಬಂದದ್ದಕ್ಕಿಂತ ಸೋತಾಗ ಬಂದ ಮತಗಳೇ 17,547ರಷ್ಟು ಹೆಚ್ಚು! ಒಟ್ಟಿನಲ್ಲಿ ಅವರ ಮತಗಳು ಕರಗಲಿಲ್ಲ. ಬಿಜೆಪಿಯ ಮತಗಳು ಐದು ವರ್ಷಗಳಲ್ಲಿ 1,87,732ರಷ್ಟು ಏರಿದವು. ಮತದಾರರ ಪಟ್ಟಿ ಬೆಳೆದಿತ್ತು, ಆ ಬೆಳವಣಿಗೆಯ ಬಹುಪಾಲು ಎದುರಾಳಿಯ ಕಣಜಕ್ಕೆ ಹೋಯಿತು.

ವಿಚಿತ್ರ ಇಲ್ಲಿಗೆ ಮುಗಿಯುವುದಿಲ್ಲ. 2024ರಲ್ಲಿ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಅವರು 6,52,321 ಮತ ಪಡೆದು ಜಾಧವರನ್ನು 27,205 ಮತಗಳಿಂದ ಸೋಲಿಸಿದರು. ಆಗ ಜಾಧವರಿಗೆ ಬಂದದ್ದು 6,25,116, ಅಂದರೆ ಅವರೂ ತಾವು ಗೆದ್ದ ವರ್ಷಕ್ಕಿಂತ 4,924 ಹೆಚ್ಚು ಮತ ಪಡೆದೇ ಸೋತರು. ಐದು ವರ್ಷಗಳ ಹಿಂದೆ ಖರ್ಗೆಯವರಿಗೆ ಆದದ್ದು ಕನ್ನಡಿಯಲ್ಲಿ ಕಂಡಂತೆ ಜಾಧವರಿಗೂ ಆಯಿತು. ಪಟ್ಟಿಯಲ್ಲಿ ಗೆಲುವು, ಸೋಲು ಎಂದು ಎರಡೇ ಅಕ್ಷರ ಬರೆಯುವವರು ಈ ನಾಲ್ಕು ಸಾಲುಗಳನ್ನು ಒಮ್ಮೆ ನೋಡಬೇಕು.

ಸಂತೆ ಕಟ್ಟೆ

ಮೇಷ್ಟ್ರ ಲೆಕ್ಕಕ್ಕೆ ಒಂದು ಸಣ್ಣ ಸೇರ್ಪಡೆ. 2019ರ ಮಾರ್ಚ್‌ವರೆಗೂ ಜಾಧವರು ಕಾಂಗ್ರೆಸ್ ಶಾಸಕರೇ ಆಗಿದ್ದರು, ಚಿಂಚೋಳಿಯಿಂದ ಎರಡು ಬಾರಿ ಗೆದ್ದವರು. ಸ್ವಾರಸ್ಯವೆಂದರೆ ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ, ಹಾಗಾಗಿ ಅವರು ತಮ್ಮ ಸ್ವಂತ ಕ್ಷೇತ್ರದ ಒಂದು ಮತದ ನೆರವೂ ಇಲ್ಲದೆ ಗೆದ್ದರು. ಚಿಂಚನಸೂರ, ಮಾಲೀಕಯ್ಯ ಗುತ್ತೇದಾರ ಅವರಂಥ ಹಳೆಯ ಕಾಂಗ್ರೆಸ್ಸಿಗರು ಅಷ್ಟರಲ್ಲಿ ಬಿಜೆಪಿಯ ಪಾಳೆಯದಲ್ಲಿದ್ದರು. ರಾಜ್ಯದ 28ರಲ್ಲಿ ಬಿಜೆಪಿ 25 ಗೆದ್ದು, ಕಾಂಗ್ರೆಸ್ ಒಂದಕ್ಕೆ ಇಳಿದ ವರ್ಷ ಅದು ಎಂಬುದು ಸರಿಯೇ. ಆದರೆ ಕಲಬುರಗಿಯಲ್ಲಿ ಆ ಅಲೆಯ ಜೊತೆಗೆ ಮನೆಯೊಳಗಿನ ಜಗಳವೂ ಇತ್ತು.

ಹಳೆಯ ಪುಟ

ಹೋಲಿಕೆಯಿಲ್ಲದೆ ದಾಖಲೆಯ ಮಾತು ಪೂರ್ಣವಾಗದು. ಹೋಲಿಸಲು ಹೊರಟರೆ ಎಣಿಕೆಯ ನಿಯಮಗಳೇ ಒಬ್ಬೊಬ್ಬರಿಗೆ ಒಂದೊಂದು ಎಂಬುದು ಕಾಣುತ್ತದೆ.

ಹಳಿಯಾಳದ ಆರ್.ವಿ. ದೇಶಪಾಂಡೆ ಅವರೂ ವಿಧಾನಸಭೆಗೆ ಒಂಬತ್ತು ಬಾರಿ ಗೆದ್ದವರು, 1983ರಿಂದ 2023ರವರೆಗೆ. ಆದರೆ 2008ರಲ್ಲಿ ಸೋತರು. ಆದ್ದರಿಂದ ‘ಒಂಬತ್ತು ಬಾರಿ’ ಎಂಬಲ್ಲಿ ಇಬ್ಬರೂ ಸಮ, ‘ಸತತ’ ಎಂಬ ಪದ ಬಂದ ಕೂಡಲೇ ಖರ್ಗೆ ಮುಂದೆ. ಹುಕ್ಕೇರಿಯ ದಿವಂಗತ ಉಮೇಶ ಕತ್ತಿಯವರನ್ನು ಎಂಟು ಬಾರಿಯ ಶಾಸಕರೆಂದು ಕರೆಯುತ್ತಾರೆ. ಆ ಎಂಟರಲ್ಲಿ 2008ರ ಸಾರ್ವತ್ರಿಕ ಚುನಾವಣೆ ಒಂದು, ಅದೇ ವರ್ಷ ಪಕ್ಷ ಬದಲಿಸಿ ಮರಳಿ ಗೆದ್ದ ಉಪಚುನಾವಣೆ ಇನ್ನೊಂದು. 2004ರಲ್ಲಿ ಅವರಿಗೆ ಸೋಲೂ ಆಗಿತ್ತು. ಬಸವರಾಜ ಹೊರಟ್ಟಿಯವರು 1980ರಿಂದ 2022ರವರೆಗೆ ಎಂಟು ಬಾರಿ ಸತತವಾಗಿ ಗೆದ್ದಿದ್ದಾರೆ, ಆದರೆ ಅದು ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರ. ಮತದಾರರ ವರ್ಗವೇ ಬೇರೆ. ದೊಡ್ಡ ಹೆಸರುಗಳ ಪೈಕಿ ದೇವೇಗೌಡರು 1989ರಲ್ಲಿ ಹೊಳೆನರಸೀಪುರದಲ್ಲಿ ಸೋತರು, ಯಡಿಯೂರಪ್ಪನವರು 1999ರಲ್ಲಿ ಶಿಕಾರಿಪುರದಲ್ಲಿ ಸೋತರು, ಸಿದ್ದರಾಮಯ್ಯನವರು 1989 ಮತ್ತು 1999ರಲ್ಲಿ ಸೋತು 2018ರಲ್ಲಿ ಚಾಮುಂಡೇಶ್ವರಿಯನ್ನೂ ಕಳೆದುಕೊಂಡರು.

ನಮ್ಮ ಗಡಿ ದಾಟಿದರೆ ಖರ್ಗೆಯವರ ಒಂಬತ್ತು ಚಿಕ್ಕದಾಗಿ ಕಾಣುತ್ತದೆ. ತಮಿಳುನಾಡಿನ ಕರುಣಾನಿಧಿಯವರು 1957ರಿಂದ 2016ರವರೆಗೆ ವಿಧಾನಸಭೆಗೆ ಸ್ಪರ್ಧಿಸಿದ 13 ಬಾರಿಯೂ ಗೆದ್ದರು, ಬೇರೆ ಬೇರೆ ಕ್ಷೇತ್ರಗಳಿಂದ. ಕೇರಳದ ಕೆ.ಎಂ. ಮಾಣಿಯವರು ಪಾಲಾ ಎಂಬ ಒಂದೇ ಕ್ಷೇತ್ರದಿಂದ 13 ಬಾರಿ ಗೆದ್ದರು. ಅದರಲ್ಲಿ ಮೊದಲನೆಯದು 1965ರದು, ಆ ಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಉಮ್ಮನ್ ಚಾಂಡಿಯವರು ಪುದುಪ್ಪಳ್ಳಿಯಿಂದ 1970ರಿಂದ 2021ರವರೆಗೆ 12 ಬಾರಿ. ಮಹಾರಾಷ್ಟ್ರದ ಸಾಂಗೋಲಾದ ಗಣಪತರಾವ್ ದೇಶಮುಖ್ 11 ಬಾರಿ, ಆದರೆ 1972 ಮತ್ತು 1995ರ ಸೋಲುಗಳೊಂದಿಗೆ.

ಸೇರದ ಸಭೆಯ ಗೆಲುವನ್ನು ಎಣಿಸಬೇಕೇ ಎಂಬುದಕ್ಕೆ ನನ್ನ ಉತ್ತರ ಹೌದು. ಎಣಿಸುತ್ತಿರುವುದು ಜನ ಕೊಟ್ಟ ಮತವನ್ನು, ಸಭೆಯ ಹಾಜರಾತಿಯನ್ನಲ್ಲ.

ವಕೀಲರ ಮೊಗಸಾಲೆ

ಕೊನೆಯ ವಾಕ್ಯವನ್ನು ಪೂರ್ತಿ ಒಪ್ಪಲಾರೆ. ಗೆಲುವುಗಳ ಸಂಖ್ಯೆ ಮತ್ತು ಸದನದಲ್ಲಿ ಕಳೆದ ವರ್ಷಗಳು ಎರಡು ಬೇರೆ ದಾಖಲೆಗಳು, ಎರಡಕ್ಕೂ ಪ್ರತ್ಯೇಕ ಅಂಕಣ ಬೇಕು. ಖರ್ಗೆಯವರ 1983ರ ಗೆಲುವು ಸುಮಾರು ಎರಡು ವರ್ಷಗಳ ಶಾಸಕತ್ವ ತಂದುಕೊಟ್ಟಿತು, ಏಕೆಂದರೆ ಸಭೆಯೇ ವಿಸರ್ಜನೆಯಾಯಿತು. 2008ರ ಚಿತ್ತಾಪುರದ ಗೆಲುವು ಒಂದೇ ವರ್ಷದ್ದು, ಏಕೆಂದರೆ ಅವರೇ ಲೋಕಸಭೆಗೆ ಹೊರಟರು. 2004ರ ಸಭೆ 2007ರ ನವೆಂಬರಿನಲ್ಲಿ ಅವಧಿಗೆ ಮೊದಲೇ ಕೊನೆಗೊಂಡಿತು. ಅವಧಿಗಳೆಲ್ಲವೂ ಐದು ವರ್ಷ ತುಂಬಿದ್ದರೆ 1972ರಿಂದ 2009ರವರೆಗಿನ 37 ವರ್ಷಗಳಲ್ಲಿ ಒಂಬತ್ತು ಗೆಲುವುಗಳಿಗೆ ಜಾಗವೇ ಇರುತ್ತಿರಲಿಲ್ಲ. ಬೇಗ ಬೇಗ ಬಂದ ಚುನಾವಣೆಗಳು ಸಂಖ್ಯೆಯನ್ನು ಹೆಚ್ಚಿಸಿವೆ ಎಂಬುದು ನಿಜ. ಆದರೆ ಅವೇ ಸೋಲಿನ ಅವಕಾಶವನ್ನೂ ಹೆಚ್ಚಿಸಿದ್ದವು.

ಅಳತೆಯ ಇನ್ನೊಂದು ತೊಡಕು ಮತದಾರರ ಬದಲಾವಣೆಯದು. 1989ರ ಮಾರ್ಚ್‌ನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅವರ ಮೊದಲ ನಾಲ್ಕು ಗೆಲುವುಗಳು ಹಳೆಯ ಮತದಾರರದು, ಮುಂದಿನವು ಹೊಸ ಪಟ್ಟಿಯದು. 2004ರಲ್ಲಿ ರಾಜ್ಯದ ಎಲ್ಲೆಡೆ ಮತಯಂತ್ರ ಬಂತು. ಹಾಗಾಗಿ 1972ರ ಅಂತರವನ್ನು 2004ರ ಅಂತರದ ಜೊತೆ ನೇರವಾಗಿ ಹೋಲಿಸುವುದು ಎತ್ತಿನ ಗಾಡಿಯ ವೇಗವನ್ನು ಬಸ್ಸಿನ ವೇಗದೊಡನೆ ಹೋಲಿಸಿದಂತೆ. ಹೋಲಿಸಲೇಬೇಕಾದರೆ ಚಲಾಯಿತ ಮತಗಳಲ್ಲಿ ಶೇಕಡಾ ಎಷ್ಟು ಎಂಬುದನ್ನು ಹಿಡಿಯಿರಿ.

ಸಂತೆ ಕಟ್ಟೆ

ಇಷ್ಟೆಲ್ಲ ಗೆದ್ದೂ ಮುಖ್ಯಮಂತ್ರಿಯಾಗಲಿಲ್ಲವಲ್ಲ ಎಂಬುದನ್ನು ಈ ಪಟ್ಟಿಯಲ್ಲಿ ಎಲ್ಲಿ ಬರೆಯುತ್ತೀರಿ? 1999ರಲ್ಲಿ ಎಸ್.ಎಂ. ಕೃಷ್ಣ, 2004ರಲ್ಲಿ ಧರ್ಮಸಿಂಗ್, 2013ರಲ್ಲಿ ಸಿದ್ದರಾಮಯ್ಯ. ಮೂರೂ ಬಾರಿ ಅವರ ಹೆಸರು ಕೇಳಿಬಂದಿತ್ತು.

ಮತಗಣಕ

ಅದು ಶಾಸಕಾಂಗ ಪಕ್ಷದ ಮತ್ತು ವರಿಷ್ಠರ ಆಯ್ಕೆ. ನನ್ನ ಪಟ್ಟಿ ಮತದಾರರ ಆಯ್ಕೆಯದು. ಇದೇ ಕಾರಣಕ್ಕೆ 2022ರ ಅಕ್ಟೋಬರಿನ ಎಐಸಿಸಿ ಅಧ್ಯಕ್ಷರ ಚುನಾವಣೆಯನ್ನೂ ಹೊರಗಿಡುತ್ತಿದ್ದೇನೆ. ಅದರಲ್ಲಿ ಅವರಿಗೆ 7,897, ಶಶಿ ತರೂರ್ ಅವರಿಗೆ 1,072 ಮತಗಳು ಬಂದವು. ಗುಪ್ತ ಮತದಾನ ನಡೆದದ್ದು ನಿಜ, ಆದರೆ ಮತ ಹಾಕಿದವರು ಪಕ್ಷದ ಪ್ರತಿನಿಧಿಗಳು. ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕು.

ಎಲ್ಲರ ಮಾತುಗಳನ್ನು ಕೇಳಿದ ಮೇಲೆ ನನ್ನ ನಮೂದನ್ನು ಹೀಗೆ ತಿದ್ದಿದ್ದೇನೆ, ತಪ್ಪಿದ್ದರೆ ತಿಳಿಸಿ.

“ಮಲ್ಲಿಕಾರ್ಜುನ ಖರ್ಗೆ, ಕಾಂಗ್ರೆಸ್. ಜನನ 1942, ವರವಟ್ಟಿ, ಬೀದರ್ ಜಿಲ್ಲೆ. ನೇರ ಚುನಾವಣೆಗಳಲ್ಲಿ ಸ್ಪರ್ಧೆ 12, ಗೆಲುವು 11, ಸೋಲು 1. ವಿಧಾನಸಭೆ: ಗುರುಮಠಕಲ್ (ಯಾದಗಿರಿ ಜಿಲ್ಲೆ) 8, ಚಿತ್ತಾಪುರ (ಕಲಬುರಗಿ ಜಿಲ್ಲೆ) 1, ಎಲ್ಲವೂ ಸತತ. ಇವುಗಳಲ್ಲಿ ಪಕ್ಷ ರಾಜ್ಯದಲ್ಲಿ ನೂರಕ್ಕಿಂತ ಕಡಿಮೆ ಸ್ಥಾನ ಪಡೆದಾಗ ಬಂದವು 5: 1983, 1985, 1994, 2004, 2008. ಲೋಕಸಭೆ: ಕಲಬುರಗಿ 2009, 2014 ಗೆಲುವು, 2019 ಸೋಲು, 95,452 ಮತಗಳ ಅಂತರ. 2020ರ ರಾಜ್ಯಸಭೆ: ಅವಿರೋಧ, ಲೆಕ್ಕಕ್ಕೆ ಸೇರಿಲ್ಲ.”

ಒಂಬತ್ತರಲ್ಲಿ ಐದು ಎಂದು ಬರೆಯುವಾಗ ನನಗೇ ಅಚ್ಚರಿಯಾಯಿತು. ಅರ್ಧಕ್ಕಿಂತ ಹೆಚ್ಚು ಗೆಲುವುಗಳು ಪಕ್ಷಕ್ಕೆ ಕೆಟ್ಟ ಕಾಲದವು ಎಂದು ಬಿರುದು ಕೊಟ್ಟವರೂ ಎಣಿಸಿ ನೋಡಿರಲಾರರು.

ಎದುರು ದಡ

2004ರಲ್ಲಿ ಕಾಂಗ್ರೆಸ್ 65 ಸ್ಥಾನ ಗೆದ್ದರೂ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿ ಆ ಪಕ್ಷದವರೇ ಆದರು, ಆದ್ದರಿಂದ ಅದನ್ನು 1994ರ ಸಾಲಿನಲ್ಲಿ ಇಡಲು ನನಗೆ ಮನಸ್ಸಿಲ್ಲ. ಆದರೂ ‘ನೂರಕ್ಕಿಂತ ಕಡಿಮೆ’ ಎಂದು ನಿಯಮವನ್ನು ಸ್ಪಷ್ಟವಾಗಿ ಬರೆದಿದ್ದೀರಿ, ಆಕ್ಷೇಪಿಸುವುದಿಲ್ಲ.

ವಕೀಲರ ಮೊಗಸಾಲೆ

ನಮೂದಿನಲ್ಲಿ ಎರಡು ತಿದ್ದುಪಡಿಗಳು. ಗುರುಮಠಕಲ್‌ನ ಮುಂದೆ ಯಾದಗಿರಿ ಜಿಲ್ಲೆ ಎಂದು ಬರೆದಿದ್ದೀರಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಅವರ ಎಂಟು ಗೆಲುವುಗಳ ಕಾಲದಲ್ಲೂ ಅದು ಗುಲ್ಬರ್ಗಾ ಜಿಲ್ಲೆಯೇ. ಇನ್ನು ಊರಿನ ಹೆಸರು 2014ರ ನವೆಂಬರಿನಿಂದ ಕಲಬುರಗಿ ಎಂದಾಯಿತು, ಆದರೆ ಚುನಾವಣಾ ಆಯೋಗದ ಕಡತದಲ್ಲಿ ಲೋಕಸಭಾ ಕ್ಷೇತ್ರದ ಹೆಸರು ಇಂದಿಗೂ ಗುಲ್ಬರ್ಗಾ. 2019ರ ಸಾಲಿನಲ್ಲೂ ಹಾಗೆಯೇ ಬರೆಯಿರಿ.

ಮತಗಣಕ

ಎರಡನ್ನೂ ತಿದ್ದಿದೆ. ನಾಳೆಯಿಂದ ಜೇವರ್ಗಿಯ ಸಾಲು ಶುರು ಮಾಡುತ್ತೇನೆ; ಭೀಮಾ ತೀರದವರು ದಯವಿಟ್ಟು ಹತ್ತಿರದಲ್ಲೇ ಇರಿ.